ಕೋರೆಯ ಕೆಸರಿಗೆ ಯಾವುದು: ಕಟಿಂಗೋ, ಬಟನ್ ರಿಸೋಲೋ?

ಮುರಕಲ್ಲು ಹೊರುವ ನನ್ನ ಆರು ಚಕ್ರದ ಲಾರಿಯ ಹಿಂದಿನ ನಾಲ್ಕೂ ಟೈರಿಗೆ ಒಂದು ಮಳೆಗಾಲ ಕಟಿಂಗ್ ಹಾಕಿಸಿದೆ, ಅಂದರೆ ಸವೆದ ಗೀರುಗಳನ್ನೇ ಮತ್ತೆ ಆಳಕ್ಕೆ ಕೊರೆಸಿದೆ. ಮರುವರ್ಷ ಬಟನ್ ರಿಸೋಲ್ ಮಾಡಿಸಿದೆ, ಅಂದರೆ ಸವೆದ ಟೈರಿನ ಮೇಲೆ ದಪ್ಪ ಉಬ್ಬುಗಳಿರುವ ಹೊಸ ರಬ್ಬರು ಕೂರಿಸಿದೆ. ಎರಡು ಸಲವೂ ಬಂಟ್ವಾಳ ಕಡೆಯ ಅದೇ ಕಲ್ಲುಕೋರೆ, ಅದೇ ಲೋಡು.

ಕಟಿಂಗ್ ಹಾಕುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಕರೆಂಟಿನಲ್ಲಿ ಕಾಯುವ ‘ಯು’ ಆಕಾರದ ಬ್ಲೇಡು ಹಳೆಯ ಗೀರಿನಲ್ಲಿ ಸಾಗಿದಂತೆ ರಬ್ಬರು ಒತ್ತುಶ್ಯಾವಿಗೆಯ ಹಾಗೆ ಉದ್ದುದ್ದ ಎಳೆಯಾಗಿ ಬೀಳುತ್ತಿತ್ತು. 3 ಮಿ.ಮೀ. ಉಳಿದಿದ್ದ ಗೀರು 6 ಆಯಿತು. ಇನ್ನೂ ಇಳಿಸುತ್ತೇನೆಂದವರನ್ನು ನಾನೇ ತಡೆದೆ. ಟೈರಿನೊಳಗಿನ ಉಕ್ಕಿನ ತಂತಿಯ ಪದರ, ಅಂದರೆ ಸ್ಟೀಲ್ ಬೆಲ್ಟಿನ ಮೇಲೆ 2 ಮಿ.ಮೀ. ರಬ್ಬರಾದರೂ ಇರಲೇಬೇಕು, ಬೆಲ್ಟಿಗೆ ಬ್ಲೇಡು ತಾಗಿದರೆ ಮುಂದೆ ಆ ಟೈರು ರಿಸೋಲಿಗೂ ಬಾರದು.

ಒದ್ದೆ ಡಾಂಬರಿನಲ್ಲಿ ಫಲ ಚೆನ್ನಾಗಿಯೇ ಸಿಕ್ಕಿತು. ನೀರಿಗೆ ಗೀರಿನಲ್ಲಿ ದಾರಿಯಾದ್ದರಿಂದ ಬ್ರೇಕ್ ಒತ್ತಿದಾಗ ಹಿಂಭಾಗ ಎಳೆದುಕೊಂಡು ಹೋಗುವುದು ಕಮ್ಮಿಯಾಯಿತು. ಕೋರೆಯೊಳಗೆ ಆ ಮಾತಿಲ್ಲ. ಅಂಟು ಕೆಂಪುಮಣ್ಣು ಸಪೂರ ಗೀರುಗಳಲ್ಲಿ ಮೆತ್ತಿಕೊಂಡು ಚಕ್ರ ಎರಡು ಸುತ್ತು ತಿರುಗುವುದರೊಳಗೆ ಟೈರು ಮತ್ತೆ ಬೋಳು. ಅಂಚಿಗೆ ಅಡ್ಡ ಗೀರು ಹಾಕಿಸಿಯೂ ನೋಡಿದೆ. ಸ್ವಲ್ಪ ದಿನ ಹಿಡಿಯಿತು, ಆಮೇಲೆ ಕಲ್ಲಿನ ಮೂಲೆ ತಾಗಿ ತುಂಡು ತುಂಡಾಗಿ ಕಿತ್ತುಬಂತು.

ರಿಸೋಲಿನ ಬಟನ್ ದಪ್ಪ, ನಡುವಿನ ಸಂದು ಅಗಲ. ಮಣ್ಣು ನಿಲ್ಲುವುದಿಲ್ಲ, ಚಕ್ರ ತಿರುಗಿದಂತೆ ಮಡ್‌ಗಾರ್ಡಿಗೆ ಪಟಪಟ ಬಡಿಯುತ್ತದೆ. ಲೋಡಾದ ಲಾರಿ ಕೋರೆಯ ಏರು ಹತ್ತಿಬಂದ ಮೊದಲ ದಿನವೇ ನನಗೆ ನಂಬಿಕೆ ಬಂತು. ಕ್ಲೀನರ್ ಹುಡುಗನಿಗೆ ಚಕ್ರದಡಿ ಕಲ್ಲು ಕೊಡುವ ಅಪಾಯದ ಕೆಲಸ ತಪ್ಪಿತು. ಖರ್ಚು ಕಟಿಂಗಿನ ಹಲವು ಪಟ್ಟು, ಡಾಂಬರಿನಲ್ಲಿ ಗುಂಯ್ಗುಟ್ಟುತ್ತದೆ, ಡೀಸೆಲ್ ಸ್ವಲ್ಪ ಜಾಸ್ತಿ ಕೇಳುತ್ತದೆ. ಆದರೂ ಕೋರೆಗೆ ಅದೇ ಸರಿ.

ಕಟಿಂಗ್ ಹಾಕಿಸುವವರು ಮೊದಲು ಟೈರಿನ ಪಕ್ಕೆ ಒರೆಸಿ ‘ರೀಗ್ರೂವಬಲ್’ (ಮತ್ತೆ ಗೀರು ಕೊರೆಯಬಹುದು) ಎಂದು ಅಚ್ಚೊತ್ತಿದೆಯೇ ನೋಡಿ. ಅದಿಲ್ಲದ ಹಳೆಯ ನೈಲಾನ್ ಟೈರಿಗೆ ನಾನು ಹಿಂದೊಮ್ಮೆ ಹಾಕಿಸಿದ್ದೆ. ವಾರದಲ್ಲಿ ಗೀರಿನ ತಳದಲ್ಲಿ ಬಿಳಿ ನೂಲು ಕಂಡಿತು, ಲೋಡಿನಲ್ಲೇ ಒಡೆಯಿತು. ಹಿಂದೆ ಜೋಡಿ ಚಕ್ರವಿದ್ದುದರಿಂದ ಲಾರಿ ನಿಂತಿತು. ಮುಂದಿನ ಟೈರಾಗಿದ್ದರೆ ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತಿರಲಿಲ್ಲ. ಮುಂದಿನ ಎರಡಕ್ಕೆ ನಾನು ಕಟಿಂಗೂ ಹಾಕಿಸುವುದಿಲ್ಲ, ರಿಸೋಲೂ ಮಾಡಿಸುವುದಿಲ್ಲ, ಅಲ್ಲಿಗೆ ಹೊಸದೇ.