ಮಳೆಯಲ್ಲಿ ಓಡೋದಾ, ನಡೆಯೋದಾ?
ಬಸ್ಸಿಂದ ಇಳಿದಿದ್ದೀರಿ, ಕೊಡೆ ತಂದಿಲ್ಲ. ನಡೆದರೆ ಮಳೆಯಲ್ಲಿರುವ ಹೊತ್ತು ಹೆಚ್ಚು; ತಲೆ, ಹೆಗಲು ತೊಪ್ಪೆಯಾಗುತ್ತವೆ. ಓಡಿದರೆ ಎದೆಗೆ ಹನಿ ರಪರಪ ಬಡಿಯುತ್ತದೆ ನಿಜ. ಆದರೆ ಮಳೆ ನೇರವಾಗಿ ಬೀಳುತ್ತಿದ್ದರೆ, ಮನೆ ಮುಟ್ಟುವಷ್ಟರಲ್ಲಿ ಎದೆಗೆ ತಾಗುವ ಒಟ್ಟು ನೀರು ಎರಡರಲ್ಲೂ ಒಂದೇ!

ಅಮೆರಿಕದ ಹವಾಮಾನ ತಜ್ಞರಾದ ಪೀಟರ್ಸನ್ ಮತ್ತು ವಾಲಿಸ್ ಒಂದೇ ಥರದ ಬಟ್ಟೆ ತೊಟ್ಟು, ಬೆವರು ತಾಗದಂತೆ ಒಳಗೆ ಪ್ಲಾಸ್ಟಿಕ್ ಹಾಕಿಕೊಂಡು, 100 ಮೀಟರ್ ಹೋಗಿ ನೋಡಿದರು. ಒಬ್ಬರು ನಡೆದರು, ಇನ್ನೊಬ್ಬರು ಓಡಿದರು. ಆಮೇಲೆ ಬಟ್ಟೆ ತೂಗಿದರೆ, ಓಡಿದವರದ್ದು ಹೀರಿದ ನೀರು ಸುಮಾರು 40% ಕಡಿಮೆ. ಇದು 1997ರಲ್ಲಿ ಪ್ರಕಟವಾಯಿತು.

ಗಾಳಿ ಬೆನ್ನಿಗಿದ್ದರೆ ಲೆಕ್ಕ ಬೇರೆ: ತೆಳ್ಳಗಿನವರು ಗಾಳಿಯ ವೇಗದಲ್ಲೇ ಹೋಗುವುದು ಲೇಸು.

ನಾನು ಓಡುವ ಪೈಕಿ. ಪಾಚಿಗಟ್ಟಿದ ಅಂಗಳದಲ್ಲಿ, ಹವಾಯಿ ಚಪ್ಪಲಿಯಲ್ಲಿ ಮಾತ್ರ ನಡಿಗೆಯೇ; ಒಮ್ಮೆ ಜಾರಿಬಿದ್ದ ಮೊಣಕೈ ಇನ್ನೂ ನೋಯುತ್ತದೆ.