ಉಪ್ಸಾರು ಚೆನ್ನಾಗಿದೆ, ಗೋಡೆ ಮೇಲಿನ ಹೆಜ್ಜಾರ್ಲೆ ನನ್ನದು

ಮಂಡ್ಯ ಮತ್ತು ಮದ್ದೂರಿನ ನಡುವೆ, ಹಳೇ ಹೆದ್ದಾರಿ ಪಕ್ಕದ ಒಂದು ಊಟದ ಹೋಟೆಲಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಮೈಸೂರಿನ ಕಾರುಗಳು ಊರೊಳಗೆ ಬರುವುದೇ ಕಮ್ಮಿ. ಈ ರಸ್ತೆಯಲ್ಲಿ ಹೋಟೆಲ್ ನಡೆಸುವ ಕಷ್ಟ ನನಗೆ ಗೊತ್ತು. ಅವರ ವ್ಯಾಪಾರ ಕೆಡಿಸುವ ಆಸೆ ನನಗಿಲ್ಲ.

ಊಟ ನಿಜಕ್ಕೂ ಚೆನ್ನಾಗಿದೆ. ಮುದ್ದೆ ಬಿಸಿಯಾಗಿತ್ತು, ಒಂದು ಗಂಟೂ ಇರಲಿಲ್ಲ. ಉಪ್ಸಾರಿನ ಖಾರದಲ್ಲಿ ಬೆಳ್ಳುಳ್ಳಿ, ಜೀರಿಗೆ ಎರಡೂ ಹದವಾಗಿದ್ದವು. ಅವ್ವ ಕೇಳಿ ಎರಡನೇ ಸಲ ಹಾಕಿಸಿಕೊಂಡಳು. ಬಡಿಸುವ ಹುಡುಗರು ಬೇಜಾರು ಮಾಡಿಕೊಳ್ಳುವವರಲ್ಲ. ಕೈ ತೊಳೆಯುವ ಜಾಗ ಮಾತ್ರ ಇನ್ನೂ ಚೊಕ್ಕಟ ಆಗಬೇಕು. ಊಟಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಅವ್ವ ಮಜ್ಜಿಗೆ ಕುಡಿಯುತ್ತಾ ಎದುರಿನ ಗೋಡೆ ನೋಡಿದಳು. "ಲೋ, ಅದು ನಿನ್ನ ದೊಡ್ಡವ್ವನ ಹಿತ್ತಲ ಹುಣಸೆಮರ ಅಲ್ವೇನ್ಲಾ?" ಅಂದಳು.

ಹೌದು. ಎಂಟು ಅಡಿ ಅಗಲದ ಫ್ಲೆಕ್ಸ್. ಗೂಡಿನ ಮೇಲೆ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಅದರ ಗಂಟಲ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುತ್ತಿರುವ ಮರಿ. ಅದು ನಾನು ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಫೋಟೊ. ಮಂಡ್ಯದಲ್ಲಿ ನನ್ನ ಸ್ಟುಡಿಯೊ ಇದೆ, ಮದುವೆ, ನಾಮಕರಣ ನನ್ನ ಹೊಟ್ಟೆಪಾಡು. ಹಕ್ಕಿ ಫೋಟೊ ನನ್ನ ಭಾನುವಾರ. ಈ ಒಂದು ಫೋಟೊಗೆ ಮೂರು ಭಾನುವಾರ ದೊಡ್ಡವ್ವನ ಮನೆ ಜಗಲಿಯಲ್ಲಿ ಕಾದಿದ್ದೆ. ಕೆಳಗಿನ ಮೂಲೆಯಲ್ಲಿ ಹೆಸರು ಹಾಕಿ ಫೇಸ್‌ಬುಕ್‌ಗೆ ಏರಿಸಿದ್ದೆ.

ಹೋಟೆಲಿನ ಗೋಡೆಯಲ್ಲಿ ಆ ಕೆಳಭಾಗವೇ ಇಲ್ಲ. ಹೆಸರಿನ ಜೊತೆಗೆ ದೊಡ್ಡವ್ವನ ಮನೆ ಹೆಂಚು, ಬಟ್ಟೆ ಒಣಹಾಕಿದ ಹಗ್ಗ ಎಲ್ಲ ಕತ್ತರಿಸಿ ಹೋಗಿದೆ. ನನಗೆ ಜಾಸ್ತಿ ನೋವಾಗಿದ್ದು ಅಲ್ಲೇ. ಆ ಫೋಟೊದಲ್ಲಿ ಇದ್ದಿದ್ದೇ ಅದು. ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಹುಣಸೆಮರದ ಕಾಯಿ ಕೀಳದೆ ಬಿಟ್ಟುಕೊಟ್ಟ ಜನ ಅವರು. 2007ರಲ್ಲಿ ಆ ಜಾಗಕ್ಕೆ ಸಮುದಾಯ ಸಂರಕ್ಷಿತ ಪ್ರದೇಶ ಅಂತ ಮಾನ್ಯತೆ ಸಿಕ್ಕಿತು. ಹೆಂಚು ಕತ್ತರಿಸಿದರೆ ಆ ಜನರನ್ನೇ ಕತ್ತರಿಸಿದ ಹಾಗೆ. ಸಾಲದ್ದಕ್ಕೆ ಕೆಳಗೆ ದಪ್ಪಕ್ಷರದಲ್ಲಿ "ರಂಗನತಿಟ್ಟಿನ ಸೊಬಗು" ಅಂತ ಬರೆದಿದ್ದಾರೆ. ರಂಗನತಿಟ್ಟಿನಲ್ಲೂ ಹೆಜ್ಜಾರ್ಲೆ ಇವೆ, ನಿಜ. ಆದರೆ ಅಲ್ಲಿ ಅವು ಇರುವುದು ಕಾವೇರಿ ನಡುವಿನ ನಡುಗಡ್ಡೆಗಳಲ್ಲಿ. ಅಲ್ಲಿ ದೊಡ್ಡವ್ವನ ಹಿತ್ತಲಿಲ್ಲ.

ಮಾಲೀಕರ ಹತ್ತಿರ ಹೋಗಿ ಫೋನಿನಲ್ಲಿ ನನ್ನ ಪೋಸ್ಟು, ತಾರೀಖು ತೋರಿಸಿದೆ. "ಗೂಗಲ್‌ನಲ್ಲಿತ್ತು ಸಾರ್, ಫ್ಲೆಕ್ಸ್ ಅಂಗಡಿಯವರು ತೆಗೆದು ಹಾಕಿಕೊಟ್ರು" ಅಂದರು. ಸುಳ್ಳು ಹೇಳಿದರು ಅನಿಸಲಿಲ್ಲ. ಆಮೇಲೆ "ಬಿಲ್ ಬೇಡ ಬಿಡಿ ಸಾರ್" ಅಂದರು. ನಾನು ಬಿಲ್ ಕೊಟ್ಟೇ ಬಂದೆ. ಅವರ ಮುದ್ದೆಗೆ ಅವರ ದುಡ್ಡು ಸಿಗಬೇಕು.

ಗೂಗಲ್‌ನಲ್ಲಿ ಕಂಡಿದ್ದು ಗೂಗಲ್‌ನವರದ್ದಲ್ಲ, ಯಾರೋ ತೆಗೆದಿದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಎಲ್ಲೂ ನೋಂದಾಯಿಸಬೇಕಿಲ್ಲ. ತೆಗೆದವನು ಸತ್ತ ಮೇಲೂ 60 ವರ್ಷ ಅದು ಉಳಿಯುತ್ತದೆ. ಹಕ್ಕು ಮಾರಿದರೂ "ಇದು ನನ್ನದು" ಅಂತ ಹೆಸರು ಹೇಳಿಕೊಳ್ಳುವ ಹಕ್ಕು ಹೋಗುವುದಿಲ್ಲ. ನನ್ನ ಮದುವೆ ಫೋಟೊಗಳ ಮಾತು ಬೇರೆ. ದುಡ್ಡು ಕೊಟ್ಟು ತೆಗೆಸಿದವರಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ಸೇರುತ್ತದೆ. ಹೆಜ್ಜಾರ್ಲೆ ನನಗೆ ದುಡ್ಡು ಕೊಟ್ಟಿರಲಿಲ್ಲ.

ಫ್ಲೆಕ್ಸ್ ಮಾಡುವ ಹುಡುಗರಿಗೆ ಒಂದು ಮಾತು. ಗೂಗಲ್ ಚಿತ್ರಗಳ ಹುಡುಕಾಟದಲ್ಲಿ ಬಳಕೆಯ ಹಕ್ಕು ಅಂತ ಒಂದು ಆಯ್ಕೆ ಇದೆ. ಕ್ರಿಯೇಟಿವ್ ಕಾಮನ್ಸ್ ಒತ್ತಿದರೆ ಬಳಸಲು ಬಿಟ್ಟುಕೊಟ್ಟ ಫೋಟೊಗಳು ಸಿಗುತ್ತವೆ. ಅವುಗಳಲ್ಲೂ ಹೆಚ್ಚಿನವಕ್ಕೆ ತೆಗೆದವರ ಹೆಸರು ಹಾಕಲೇಬೇಕು. ಇನ್ನೊಂದು ದಾರಿ, ಕೇಳುವುದು. ನನಗೆ ಒಂದು ಮೆಸೇಜ್ ಹಾಕಿದ್ದರೆ ದೊಡ್ಡ ಫೈಲನ್ನೇ ಕೊಡುತ್ತಿದ್ದೆ. ಫೇಸ್‌ಬುಕ್‌ನಲ್ಲಿ ಹಾಕಿದ್ದು 2048 ಪಿಕ್ಸೆಲ್ ಅಗಲ ಮಾತ್ರ. ಎಂಟು ಅಡಿಗೆ ಹಿಗ್ಗಿಸಿದರೆ ಇಂಚಿಗೆ 21 ಪಿಕ್ಸೆಲ್. ಹತ್ತಿರ ಹೋಗಿ ನೋಡಿ, ಹಕ್ಕಿಯ ಕಣ್ಣು ಚೌಕ ಚೌಕ ಒಡೆದುಹೋಗಿದೆ.

ಹೋಟೆಲ್ ಮಾಲೀಕರನ್ನು ನಾನು ಕೇಳಿದ್ದು ಮೂರು. ಊರಿನ ಹೆಸರು ಸರಿಮಾಡಿ, ನನ್ನ ಹೆಸರು ಹಾಕಿ, ಬೇರೆಯವರು ಕೊಡುವ ಹಾಗೆ ಒಂದು ಬೆಲೆ ಕೊಡಿ. "ನೋಡೋಣ ಸಾರ್" ಅಂದರು.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ರಂಗನತಿಟ್ಟು ಅನ್ನುವ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ಬೆಳ್ಳೂರು ಅಂತ ಇನ್ನೂ ಬರೆದಿಲ್ಲ. ಹೆಂಚು, ಹಗ್ಗ ಎಲ್ಲ ಇರುವ ಪೂರ್ತಿ ಫೈಲು ಪೆನ್‌ಡ್ರೈವ್‌ನಲ್ಲಿ ನನ್ನ ಜೇಬಿನಲ್ಲೇ ಇತ್ತು. ಮುಂದಿನ ಸಲವೂ ತೆಗೆದುಕೊಂಡು ಹೋಗುತ್ತೇನೆ.