ನಾಲ್ಕು ಗಾಡಿ, ಒಂದು ಸ್ಟ್ಯಾಂಡ್ ಸ್ವಿಚ್ಚು

ಮೊದಲೇ ಹೇಳಿಬಿಡುತ್ತೇನೆ, ಓಡಿಸಿ ನೋಡಿದ ನಾಲ್ಕು ಬೈಕುಗಳಲ್ಲಿ ನನ್ನ ಓಟು 2018ರ ಹಳೇ ಬಜಾಜ್ ಪ್ಲಾಟಿನಾಕ್ಕೆ. 38 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಂದ ಗಾಡಿ ಅದು. ಅದಕ್ಕೂ ಮುಂಚೆ ಶೋರೂಮಿನಿಂದ ಹೊಚ್ಚ ಹೊಸ ಗಾಡಿ ತಂದಿದ್ದೆ. ಆನ್ ರೋಡ್ 94 ಸಾವಿರ. ಹದಿನಾಲ್ಕು ತಿಂಗಳಿಗೆ ಅದನ್ನು 62 ಸಾವಿರಕ್ಕೆ ಮಾರಿದೆ. ಹಾಗಾಗಿ ಈ ಹೋಲಿಕೆಯಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಬೆರೆತಿದೆ, ಅಷ್ಟು ಕಳೆದು ಓದಿ.

ನಮ್ಮೂರು ತಿಪಟೂರಿನಿಂದ 22 ಕಿಲೋಮೀಟರ್. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಡೈರಿಗೆ ಎರಡು ಕ್ಯಾನ್ ಹಾಲು ಹಾಕಿ, ಮನೆಗೆ ಬಂದು ಸ್ನಾನ ಮಾಡಿ ಹೊರಡುತ್ತೇನೆ. ವಾರಕ್ಕೊಮ್ಮೆ ವಾಪಸ್ ಬರುವಾಗ ಹಿಂದೆ ಐವತ್ತು ಕೆಜಿ ಪಶು ಆಹಾರದ ಚೀಲ ಇರುತ್ತದೆ. ಭಾನುವಾರ ಅದೇ ಜಾಗದಲ್ಲಿ ನಮ್ಮನೆಯವಳು ಇರುತ್ತಾಳೆ. ರಸ್ತೆ ಅರ್ಧ ಡಾಂಬರು, ಉಳಿದದ್ದು ಕೆಂಪು ಮಣ್ಣು ಮತ್ತು ಹೊಂಡ. ಬೆಂಗಳೂರಿನ ಫ್ಲೈಓವರ್ ಮೇಲೆ ಓಡಾಡುವವರಿಗೆ ನನ್ನ ತೀರ್ಮಾನ ಉಪಯೋಗಕ್ಕೆ ಬರದೇ ಹೋಗಬಹುದು.

ನಾನು ಓಡಿಸಿ ನೋಡಿದ್ದು ನಾಲ್ಕು. ಅಪ್ಪನ 2009ರ ಸ್ಪ್ಲೆಂಡರ್ ಪ್ಲಸ್ ಒಂದು, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತ ಜೋಡಿ ಹೆಸರಿದೆ. ಮಂಡಿಯ ಗೆಳೆಯನ ಶೈನ್ 100 ಮೂರು ದಿನ ನನ್ನ ಕೈಲಿತ್ತು. ಈಗಿನ ಪ್ಲಾಟಿನಾ 100 ಇನ್ನೊಂದು. ನಾಲ್ಕನೆಯದು ನಾನು ಮಾರಿದ 110 ಸಿಸಿ ಗಾಡಿ. ಅದರ ಕಂಪನಿ ಹೆಸರು ಬೇಡ. ಅದೇ ಮಾಡೆಲ್ ಇಟ್ಟುಕೊಂಡು ಖುಷಿಯಾಗಿರುವವರೂ ಇದ್ದಾರೆ, ಸುಮ್ನೆ ಅವರ ಮನಸ್ಸು ಯಾಕೆ ಕೆಡಿಸಬೇಕು? ಬಣ್ಣ ಕೆಂಪಾಗಿದ್ದರಿಂದ ಮನೆಯಲ್ಲಿ ಅದಕ್ಕೆ ಕೆಂಪಿ ಅಂತ ಹೆಸರಾಯಿತು. ಕೊಟ್ಟಿಗೆಯಲ್ಲಿ ಆಗಲೇ ಒಬ್ಬಳು ಕೆಂಪಿ ಇದ್ದಳು. "ಕೆಂಪಿ ಯಾಕೋ ಏಳ್ತಾ ಇಲ್ಲ" ಅಂದರೆ ಅಪ್ಪ ಮೊದಲು ಕೊಟ್ಟಿಗೆ ಕಡೆ ಓಡುತ್ತಿದ್ದರು.

ಏಳದೇ ಇರುತ್ತಿದ್ದದ್ದು ಮಾತ್ರ ಅಂಗಳದ ಕೆಂಪಿ.

ಮೊದಲ ಸಲ ಹಾಗಾದದ್ದು ಆಷಾಢದ ಜಿಟಿಜಿಟಿ ಮಳೆಯಲ್ಲಿ. ಮಂಡಿ ಬಾಗಿಲು ಹಾಕಿ, ಚೀಲ ಕಟ್ಟಿ, ಸೆಲ್ಫ್ ಒತ್ತಿದೆ. ಇಂಜಿನ್ ಚೆನ್ನಾಗೇ ಶುರುವಾಯಿತು. ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದೆ, ಟಪ್ ಅಂತ ನಿಂತಿತು. ಮತ್ತೆ ನ್ಯೂಟ್ರಲ್, ಮತ್ತೆ ಸೆಲ್ಫ್, ಮತ್ತೆ ಶುರು. ಗೇರ್ ಹಾಕಿದರೆ ಮತ್ತೆ ಟಪ್. ಕ್ಲಚ್ ಪ್ಲೇಟ್ ಹೋಯಿತು ಅಂದುಕೊಂಡೆ. ಐದು ನಿಮಿಷದಲ್ಲಿ ಸುತ್ತ ಆರು ಜನ ಸೇರಿದರು. ಒಬ್ಬ ಪ್ಲಗ್ ಅಂದ. ಇನ್ನೊಬ್ಬ ಪೆಟ್ರೋಲಿಗೆ ನೀರು ಸೇರಿದೆ ಅಂದ. ಮತ್ತೊಬ್ಬ ಚೋಕ್ ಎಲ್ಲಿದೆ ಅಂತ ಹುಡುಕತೊಡಗಿದ. ಕಾರ್ಬೊರೇಟರ್ ಇಲ್ಲದ ಫ್ಯೂಯಲ್ ಇಂಜೆಕ್ಷನ್ ಗಾಡಿ, ಚೋಕ್ ಎಲ್ಲಿಂದ ಬರಬೇಕು? ಕೊನೆಗೆ ಟೀ ಕೊಡುವ ಹುಡುಗ ಬಂದು ಸೈಡ್ ಸ್ಟ್ಯಾಂಡಿಗೆ ಮೂರು ಸಲ ಒದ್ದ. "ಈಗ ಹಾಕಣ್ಣ ಗೇರು" ಅಂದ. ಹೋಯಿತು.

ಆಮೇಲೆ ಊರ ಮೆಕ್ಯಾನಿಕ್ ಬಿಡಿಸಿ ಹೇಳಿದ. ಸೈಡ್ ಸ್ಟ್ಯಾಂಡ್ ತಿರುಗುವ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಸ್ಟ್ಯಾಂಡ್ ಇಳಿದಿದ್ದಾಗ ಗೇರ್ ಹಾಕಿದರೆ ಅದು ಇಂಜಿನ್ ನಿಲ್ಲಿಸುತ್ತದೆ. ಒಳ್ಳೆಯದಕ್ಕೇ ಇಟ್ಟದ್ದು. ಸ್ಟ್ಯಾಂಡ್ ತೆಗೆಯದೆ ಹೊರಟು, ಎಡಕ್ಕೆ ತಿರುಗಿಸುವಾಗ ಅದು ನೆಲಕ್ಕೆ ತಾಗಿ ಬಿದ್ದವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಆ ಸ್ವಿಚ್ ಕೂತಿರುವುದು ಚಕ್ರದ ಕೆಸರೆಲ್ಲ ಬಂದು ಬಡಿಯುವ ಜಾಗದಲ್ಲಿ. ಮಣ್ಣು ಮೆತ್ತಿಕೊಂಡರೆ ಸ್ಟ್ಯಾಂಡ್ ಮೇಲಿದ್ದರೂ ಇಳಿದಿದೆ ಅಂತಲೇ ಅದು ಹಟ ಹಿಡಿಯುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ತೊಳೆದು ಕೊಟ್ಟರು. ಎರಡನೇ ಸಲ "ಸ್ವಿಚ್ ಚೇಂಜ್ ಮಾಡಬೇಕು ಸರ್, ಕೆಸರಿಂದ ಆಗಿದ್ದು ವಾರಂಟಿಗೆ ಬರಲ್ಲ" ಅಂದರು. ದುಡ್ಡು ಕೊಟ್ಟು ಹಾಕಿಸಿದೆ. ದೀಪಾವಳಿವರೆಗೆ ಸುಮ್ಮನಿತ್ತು. ಹಿಂಗಾರು ಮಳೆ ಒಂದು ಹೊಡೆತ ಹೊಡೆದ ಮೇಲೆ ಮತ್ತೆ ಅದೇ ಹಾಡು. ಬೆಳಿಗ್ಗೆ ಎದ್ದು ಸ್ಟ್ಯಾಂಡಿಗೆ ಮೂರು ಸಲ ಒದೆಯುವುದು ನನಗೆ ಅಭ್ಯಾಸವಾಗಿಹೋಯಿತು. ನೋಡಿದವರು ಇವನಿಗೆ ಗಾಡಿ ಮೇಲೆ ಸಿಟ್ಟು ಅಂದುಕೊಂಡರು. ಅದೂ ನಿಜವೇ.

"ಎರಡು ವೈರ್ ಸೇರಿಸಿಬಿಡ್ತೀನಿ, ಇಪ್ಪತ್ತು ರೂಪಾಯಿ ಕೆಲಸ" ಅಂದ ಮೆಕ್ಯಾನಿಕ್. ನಾನು ಬೇಡ ಅಂದೆ. ಆ ಸ್ವಿಚ್ ಇದೆ ಅನ್ನುವ ಧೈರ್ಯದಲ್ಲಿ ಸ್ಟ್ಯಾಂಡ್ ತೆಗೆದೆನಾ ಇಲ್ಲವಾ ಅಂತ ನೋಡುವುದನ್ನೇ ನಾನು ಬಿಟ್ಟಿದ್ದೆ. ಈಗ ಅದನ್ನೂ ತೆಗೆಸಿದರೆ ಬೀಳುವವನು ನಾನೇ. ಆದರೆ ಒಂದು ಸಂಜೆ ಬಿ.ಎಚ್. ರಸ್ತೆ ದಾಟುವಾಗ, ನಡು ರಸ್ತೆಯಲ್ಲಿ, ಒಂದು ಕುಲುಕಿಗೆ ಇಂಜಿನ್ ನಿಂತಿತು. ಎಡಗಡೆಯಿಂದ ಲಾರಿ. ಅವನು ಹಾರನ್ ಒತ್ತಿದ್ದು ಈಗಲೂ ಕಿವಿಯಲ್ಲಿದೆ. ಹಿಂದೆ ಕಟ್ಟಿದ್ದ ಚೀಲದ ಸಮೇತ ಕಾಲಲ್ಲಿ ತಳ್ಳಿಕೊಂಡು ಆಚೆ ದಡ ಸೇರಿದೆ. ಆ ವಾರವೇ ಕೆಂಪಿಯನ್ನು ಮಾರಲು ಇಟ್ಟೆ. ತೆಗೆದುಕೊಂಡವರು ತಿಪಟೂರು ಟೌನಿನವರು. ಅವರಿಗೆ ಸ್ವಿಚ್ಚಿನ ವಿಷಯ ಎಲ್ಲ ಹೇಳಿಯೇ ಕೊಟ್ಟೆ. ಮನೆ ಮುಂದೆ ಕಾಂಕ್ರೀಟ್ ರಸ್ತೆ ಇದೆ, ತೊಂದರೆ ಇಲ್ಲ ಅಂದರು. ಇಲ್ಲಿಯವರೆಗೆ ದೂರು ಬಂದಿಲ್ಲ.

ಕೆಂಪಿಯಲ್ಲಿ ಒಳ್ಳೆಯದೂ ಇತ್ತು. ಚಳಿಗಾಲದ ಬೆಳಿಗ್ಗೆ ಒಂದೇ ಒತ್ತಿಗೆ ಶುರು. ಬ್ರೇಕ್ ಮಾತ್ರ ನಾಲ್ಕರಲ್ಲಿ ನನಗೆ ಹೆಚ್ಚು ನಂಬಿಕೆ ಬಂದದ್ದು ಅದರದ್ದೇ. 125 ಸಿಸಿವರೆಗಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಸಿಬಿಎಸ್ ಇಲ್ಲವೇ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಕೆಂಪಿಯಲ್ಲಿ ಇದ್ದದ್ದು ಸಿಬಿಎಸ್. ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ನನ್ನ ಪ್ಲಾಟಿನಾ ಅದಕ್ಕಿಂತ ಹಳೆಯದು, ಅದರಲ್ಲಿ ಈ ಸೌಕರ್ಯ ಇಲ್ಲ. ಚೀಲ ಇದ್ದ ದಿನ ಬ್ರೇಕನ್ನು ಹತ್ತು ಮಾರು ಮೊದಲೇ ಹಿಡಿಯುತ್ತೇನೆ. ಇನ್ನು ಹಗಲಲ್ಲೂ ಉರಿಯುವ ಹೆಡ್‌ಲೈಟ್. ಅದು ಕಾನೂನು, ಆರಿಸಲು ಸ್ವಿಚ್ಚೇ ಇಲ್ಲ. ಎದುರಿಗೆ ಬಂದ ಅರ್ಧ ಊರು ಬೆರಳು ಮಡಚಿ ಬಿಡಿಸಿ "ಲೈಟು, ಲೈಟು" ಅಂತ ಸನ್ನೆ ಮಾಡುತ್ತಿತ್ತು. ಹದಿನಾಲ್ಕು ತಿಂಗಳು ತಲೆ ಆಡಿಸಿದ್ದೇ ಆಡಿಸಿದ್ದು.

ಈಗ ಪ್ಲಾಟಿನಾ. ಅದನ್ನು ಮೊದಲು ಓಡಿಸಿದ್ದು ಭಾಮೈದನ ಊರಲ್ಲಿ, ಕೆಂಪಿಯ ಮೇಲಿನ ಸಿಟ್ಟಿನ ದಿನಗಳಲ್ಲಿ. ಹೊಂಡ ಬಂದಾಗ ನಾನು ಅಭ್ಯಾಸದಂತೆ ಸೀಟಿನಿಂದ ಮೇಲೆದ್ದೆ. ಏಳಬೇಕಾಗೇ ಇರಲಿಲ್ಲ. ಶಾಕ್ ಅಬ್ಸಾರ್ಬರ್ ಉದ್ದ ಇದೆ, ಸೀಟು ದಪ್ಪ ಮತ್ತು ಉದ್ದ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಈ ಸೀಟಿನ ಬೆಲೆ ಗೊತ್ತು. ನಮ್ಮನೆಯವಳು ಕೆಂಪಿಯ ಮೇಲೆ ಅರಸೀಕೆರೆಗೆ ಹೋಗಿ ಬಂದ ದಿನ ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡಿದ್ದಳು. ಪ್ಲಾಟಿನಾದಲ್ಲಿ ಹೋಗಿ ಬಂದು ರೊಟ್ಟಿ ತಟ್ಟಿದಳು. ನನಗೆ ಇದಕ್ಕಿಂತ ದೊಡ್ಡ ಟೆಸ್ಟ್ ಡ್ರೈವ್ ಬೇಕಿಲ್ಲ.

ಹನ್ನೊಂದು ಲೀಟರಿಗೂ ಮೇಲೆ ಹಿಡಿಯುವ ಟ್ಯಾಂಕು. ವಾರಕ್ಕೆ ಎರಡು ಸಲ ಬಂಕಿನ ಕ್ಯೂ ನಿಲ್ಲುವವನು ಈಗ ಎರಡು ವಾರಕ್ಕೊಮ್ಮೆ ನಿಲ್ಲುತ್ತೇನೆ. ಮೇಲಾಗಿ ಇದು ಕಾರ್ಬೊರೇಟರ್ ಗಾಡಿ, ರಿಸರ್ವ್ ನಾಬ್ ಇದೆ. ಪೆಟ್ರೋಲ್ ಮುಗಿಯುತ್ತಾ ಬಂದು ಗಾಡಿ ಮುಗ್ಗರಿಸಿದಾಗ ಎಡಗೈ ತಾನಾಗಿ ಕೆಳಗೆ ಹೋಗಿ ನಾಬ್ ತಿರುಗಿಸುತ್ತದಲ್ಲ, ಆ ನೆಮ್ಮದಿಯೇ ಬೇರೆ. ಕೆಂಪಿಯಲ್ಲಿ ಮುಳ್ಳು ನೋಡಿಕೊಂಡೇ ಇರಬೇಕಿತ್ತು. ಹೊಗೆಯ ಮೇಲಿನ ಬಿಗಿ ನಿಯಮ ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಹೊಸದರಲ್ಲಿ ಹೊಗೆ ಕಡಿಮೆ, ಒಪ್ಪುತ್ತೇನೆ. ಆದರೆ ಕಾರ್ಬೊರೇಟರ್ ಆದರೆ ನಮ್ಮೂರ ಮೆಕ್ಯಾನಿಕ್ ಬೇವಿನ ಮರದ ಕೆಳಗೇ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಾಯಲ್ಲಿ ಊದಿ ಜೋಡಿಸುತ್ತಾನೆ.

ಚಳಿಗಾಲದಲ್ಲಿ ಚೋಕ್ ಎಳೆದು ಎರಡು ನಿಮಿಷ ಕಾಯಬೇಕು. ಅಷ್ಟರಲ್ಲಿ ಕ್ಯಾನ್ ಕಟ್ಟುತ್ತೇನೆ.

ಎಲ್ಲರೂ ಮೊದಲು ಕೇಳುವುದು ಮೈಲೇಜ್, ಅಲ್ವಾ? ಲೆಕ್ಕದವನಾದ್ದರಿಂದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನನ್ನ ರಸ್ತೆ, ನನ್ನ ಹೊರೆ, ನನ್ನ ಕೈಯಲ್ಲಿ ಪ್ಲಾಟಿನಾ ಲೀಟರಿಗೆ 68, ಅಪ್ಪನ ಸ್ಪ್ಲೆಂಡರ್ 62, ಕೆಂಪಿ 58 ಕಿಲೋಮೀಟರ್. ಶೈನ್ ಮೂರೇ ದಿನ ಇದ್ದದ್ದು, ಅಳೆದಿಲ್ಲ. ದಿನಕ್ಕೆ 44 ಕಿಲೋಮೀಟರ್, ತಿಂಗಳಿಗೆ 26 ದಿನ, ಅಂದರೆ 1144 ಕಿಲೋಮೀಟರ್. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ಪ್ಲಾಟಿನಾಕ್ಕೂ ಕೆಂಪಿಗೂ ತಿಂಗಳಿಗೆ ವ್ಯತ್ಯಾಸ ಮುನ್ನೂರು ರೂಪಾಯಿ. ಪ್ಲಾಟಿನಾಕ್ಕೂ ಸ್ಪ್ಲೆಂಡರ್‌ಗೂ ನೂರ ಅರವತ್ತೆಂಟು. ಕೆಂಪಿಯಲ್ಲಿ ಕಳೆದುಕೊಂಡ 32 ಸಾವಿರವನ್ನು ಈ ಮುನ್ನೂರರಲ್ಲೇ ದುಡಿಯಬೇಕೆಂದರೆ ಒಂಬತ್ತು ವರ್ಷ ಬೇಕು. ಮೈಲೇಜ್ ಹಿಂದೆ ಬಿದ್ದು ಗಾಡಿ ಬದಲಿಸುವವರು ಒಮ್ಮೆ ಹೀಗೆ ಕೂತು ಭಾಗಿಸಿ ನೋಡಿ.

ಸ್ಪ್ಲೆಂಡರ್ ಬಗ್ಗೆ ಕೆಟ್ಟದ್ದು ಹೇಳಿದರೆ ನಮ್ಮ ಕಡೆ ಜನ ಮಾತು ಬಿಡುತ್ತಾರೆ. ಹೇಳುವಂಥದ್ದೂ ಜಾಸ್ತಿ ಇಲ್ಲ. 1994ರಿಂದ ಓಡುತ್ತಿರುವ ಹೆಸರು. ಕೇಬಲ್ ಇರಲಿ, ಬ್ರೇಕ್ ಶೂ ಇರಲಿ, ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತದೆ. ಮಾರುವಾಗ ಬೆಲೆ ಬಿಡುವುದಿಲ್ಲ. ನನಗೆ ಅಡ್ಡ ಬಂದದ್ದೂ ಅದೇ. ಅದೇ ವಯಸ್ಸಿನ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್‌ಗೆ ನನಗೆ ಹೇಳಿದ ರೇಟು 52 ಸಾವಿರ. ಪ್ಲಾಟಿನಾ 38ಕ್ಕೆ ಸಿಕ್ಕಿತು. ಉಳಿದ ಹದಿನಾಲ್ಕು ಸಾವಿರದಲ್ಲಿ ಎರಡೂ ಟೈರು, ಚೈನ್ ಸ್ಪ್ರಾಕೆಟ್, ಬ್ಯಾಟರಿ, ಗಟ್ಟಿ ಕ್ಯಾರಿಯರ್, ಸೀರೆ ಗಾರ್ಡ್ ಎಲ್ಲ ಹಾಕಿಸಿ ಇನ್ನೂ ಸ್ವಲ್ಪ ಜೇಬಲ್ಲಿ ಉಳಿಯಿತು. ಅಪ್ಪನ ಸ್ಪ್ಲೆಂಡರನ್ನೇ ಓಡಿಸಬಹುದಿತ್ತಲ್ಲ ಅಂತ ಕೇಳಬೇಡಿ. ಹದಿನೈದು ವರ್ಷ ತುಂಬಿದಾಗ ಇನ್ಸೂರೆನ್ಸ್, ಎಮಿಷನ್ ಎಲ್ಲ ಸರಿಮಾಡಿಸಿ ಆರ್‌ಸಿ ಮತ್ತೆ ಐದು ವರ್ಷಕ್ಕೆ ಮಾಡಿಸಿದ್ದಾರೆ. ಕೀ ಅವರ ಜೇಬಲ್ಲೇ ಇರುತ್ತದೆ.

ಶೈನ್ 100 ನಾಲ್ಕರಲ್ಲಿ ಹಗುರ. ಸುಮಾರು 99 ಕೆಜಿ. ಗಲ್ಲಿಯಲ್ಲಿ ತಿರುಗಿಸಲು ಸೈಕಲ್ ಇದ್ದ ಹಾಗೆ, ಕುಳ್ಳಗಿನವರಿಗೂ ಎರಡು ಕಾಲು ನೆಲಕ್ಕೆ ಸಿಗುತ್ತದೆ. ಗಾಡಿ ಕಲಿಯುವ ಮಗಳಿಗೆ ಕೊಡಿಸುವುದಾದರೆ ನಾನು ಇದನ್ನೇ ಕೊಡಿಸುತ್ತೇನೆ. ಐವತ್ತು ಕೆಜಿ ಚೀಲ ಹೊರುವವನು ಹಗುರದ ಗಾಡಿ ಬಯಸುವುದಿಲ್ಲ, ಅದು ನನ್ನ ಕೆಲಸದ ತಾಪತ್ರಯ, ಗಾಡಿಯ ತಪ್ಪಲ್ಲ. ಟ್ಯಾಂಕು ಒಂಬತ್ತು ಲೀಟರು.

ಹೊಸದೇ ಬೇಕು ಅನ್ನುವವರಿಗೆ ಈಗ ಒಂದು ಅನುಕೂಲ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಆದರೂ ಶೋರೂಮಿನ ಬೋರ್ಡಿನ ಬೆಲೆ ನೋಡಿ ಹೋಗಬೇಡಿ. ರಸ್ತೆ ತೆರಿಗೆ ಇದೆ, ಐದು ವರ್ಷದ ಥರ್ಡ್ ಪಾರ್ಟಿ ಇನ್ಸೂರೆನ್ಸ್ ಒಟ್ಟಿಗೇ ಕಟ್ಟಬೇಕು. ಅದರ ಮೇಲೆ ಕ್ರ್ಯಾಶ್ ಗಾರ್ಡ್, ಸೀಟ್ ಕವರ್ ಅಂತ ನೀವು ಕೇಳದ ಸಾಮಾನೂ ಬಿಲ್ಲಿಗೆ ಬಂದು ಕೂರುತ್ತವೆ. ನನಗೆ ಹಾಗೆ ಕೂತದ್ದು 4,600 ರೂಪಾಯಿ. ಬೇಡ ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಪೂಜೆಯ ಗಡಿಬಿಡಿಯಲ್ಲಿ ಸುಮ್ಮನಾದೆ.

ಹಳೆಯದು ಕೊಳ್ಳುವವರು ಇಂಜಿನ್ ಸದ್ದು ಕೇಳುವುದರ ಜೊತೆಗೆ ಆರ್‌ಸಿಯನ್ನೂ ತಿರುಗಿಸಿ ನೋಡಿ. ನನಗೆ ಸಿಕ್ಕ ಪ್ಲಾಟಿನಾದ ಸಾಲ ತೀರಿ ಮೂರು ವರ್ಷವಾಗಿತ್ತು, ಆದರೆ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಹಾಗೇ ಕೂತಿತ್ತು. ಮಾರಿದವರನ್ನೇ ಮುಂದೆ ಬಿಟ್ಟು ಫೈನಾನ್ಸಿನಿಂದ ಸಾಲ ತೀರಿದ ಎನ್‌ಒಸಿ ತರಿಸಿ, ಫಾರಂ 35 ಕೊಟ್ಟು ಆ ಹೆಸರು ತೆಗೆಸಿದೆ. ಆಮೇಲೆ ಹೆಸರು ಬದಲಿಸುವ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ ಗಾಡಿ ನನ್ನ ಹೆಸರಿಗೆ ಬಂತು. ಅಷ್ಟೂ ಆಗುವವರೆಗೆ ಐದು ಸಾವಿರ ಹಿಡಿದಿಟ್ಟುಕೊಂಡಿದ್ದೆ. ಹಿಡಿದಿಡದೇ ಹೋಗಿದ್ದರೆ ಅವರು ಫೋನ್ ಎತ್ತುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಪ್ಲಾಟಿನಾದ ಸ್ಟ್ಯಾಂಡಿಗೆ ಯಾವ ಸ್ವಿಚ್ಚೂ ಇಲ್ಲ. ಹೊರಡುವಾಗ ನಮ್ಮನೆಯವಳು ಹಿಂದಿನಿಂದ ಭುಜ ತಟ್ಟಿ "ಸ್ಟ್ಯಾಂಡು" ಅನ್ನುತ್ತಾಳೆ. ಅವಳಿಲ್ಲದ ದಿನ ನಾನೇ ಬಗ್ಗಿ ನೋಡುತ್ತೇನೆ. ಮೂರು ಸಲ ಒದೆಯುವ ಚಾಳಿ ಇನ್ನೂ ಬಿಟ್ಟಿಲ್ಲ.